ದೊರೆಗೊಂದು ಟಿಕೆಟ್

ನನ್ನ ಹೆಂಡತಿ ಪ್ರೇಮಲತಾ ನನ್ನ ಜೊತೆ ಜಗಳ ಆಡಿ ಎರಡು ತಿಂಗಳಾಗಿತ್ತು. ಗಂಡಸರು ಇದನ್ನು ಓದಿ ಹೊಟ್ಟೆಕಿಚ್ಚು ಪಡಬಾರದು. ಹಾಗಲವಾಡಿಯಲ್ಲಿದ್ದ ಅವಳ ಅಣ್ಣ ಚಿಕ್ಕಬೀರಯ್ಯ ಎದೆನೋವೆಂದು ಮಲಗಿದವರು ಏಳಲೇ ಇಲ್ಲ. ಅವತ್ತಿನಿಂದ ಇವಳು ಅಳಲೂ ಇಲ್ಲ, ಬೈಯಲೂ ಇಲ್ಲ. ಒದ್ದೆ ಟವೆಲ್ಲನ್ನು ಹಾಸಿಗೆಯ ಮೇಲೆ ಎಸೆದರೂ ಸುಮ್ಮನೆ ಎತ್ತಿ ಒಣಹಾಕುವಳು. (ಬೇಕೆಂದೇ ಮೂರು ಸಲ ಎಸೆದು ನೋಡಿದೆ.)

ಭಾವ ಮದುವೆಯಾದವರಲ್ಲ. ಅವರಿಗಿದ್ದ ಸಂಸಾರವೆಂದರೆ ದೊರೆ ಎಂಬ ಕಂದು ನಾಯಿ. ಪಕ್ಕದ ಮನೆಯ ಪುಟ್ಟಗಂಗಮ್ಮ ನನಗೆ ಫೋನ್ ಮಾಡಿ, "ಅದು ಜಗಲಿ ಬುಟ್ಟು ಏಳ್ತಿಲ್ಲ ಕಣಪ್ಪ. ಹಾಕಿದ್ದು ಮೂಸಿ ಮಕ ತಿರುಗಿಸ್ಕತದೆ" ಎಂದಾಗ ನನ್ನ ತಲೆಯಲ್ಲಿ ಒಂದು ಮಹಾಯೋಜನೆ ಹೊಳೆಯಿತು. ದೊರೆಯನ್ನು ತುಮಕೂರಿಗೆ ತಂದು ಪ್ರೇಮಳ ಎದುರು ನಿಲ್ಲಿಸುವುದು. ಹೇಳದೆ, ಕೇಳದೆ. ಭಾನುವಾರ ಫ್ಯಾಕ್ಟರಿಯಲ್ಲಿ ಕೆಲಸವಿದೆಯೆಂದು ಸುಳ್ಳು ಹೇಳಿ ಹೊರಟೆ.

ಪುಟ್ಟಗಂಗಮ್ಮ ನಾಯಿಯ ಕೊರಳಿಗೆ ಬೆಲ್ಟು ಬಿಗಿದು, ಸರಪಳಿಯನ್ನು ನನ್ನ ಕೈಗಿತ್ತು, ಬಾಯಿಗೆ ಹಾಕುವ ಪಟ್ಟಿಯನ್ನೂ ಕೊಟ್ಟರು. "ಬಸ್ಸಲ್ಲಿ ಇದ ಹಾಕ್ದೆ ಕೂರಬ್ಯಾಡ. ಬೀರಣ್ಣ ಹಂಗೇ ಕರ್ಕೊಂಡೋಗೋರು. ಹೊಟ್ಟೆಗೂ ಈಗ ಏನೂ ಹಾಕ್ಬ್ಯಾಡ."

ಅಪ್ಪನನ್ನು ಕಳೆದುಕೊಂಡ ಮಗುವಿನಂಥ ಪ್ರಾಣಿ. ಅದರ ಬಾಯಿ ಕಟ್ಟುವುದೇ? ಬಾಯಿಪಟ್ಟಿ ಚೀಲ ಸೇರಿತು. ಕೊರಳು ಬಿಗಿಯಾಯಿತೇನೋ ಎಂದು ಬೆಲ್ಟನ್ನು ಎರಡು ತೂತು ಸಡಿಲಿಸಿದೆ. ಬೋಂಡ ಕೊಟ್ಟೆ. ಯಾರು ಹಾಕಿದರೂ ತಿನ್ನದ ದೊರೆ ನನ್ನ ಕೈಯಿಂದ ಒಂದು ಬೋಂಡ ತಿಂದ. ನಾನು ಎದೆಯುಬ್ಬಿಸಿ ಬಸ್ ಹತ್ತಿದೆ.

"ಸಾರ್, ಬಾಯಿಗೇನೂ ಕಟ್ಟಿಲ್ವಾ?" ಎಂದರು ಕಂಡಕ್ಟರ್.

"ದುಃಖದಲ್ಲಿರೋ ನಾಯಿ ಕಣ್ರೀ. ಕಚ್ಚೋ ಮನಸ್ಸೇ ಇಲ್ಲ ಅದಕ್ಕೆ."

"ಹಂಗಾದ್ರೆ ಹಿಂದಿನ ಸೀಟಿಗಾದ್ರೂ ಹೋಗಿ."

ಗಾಳಿ ಬರಲೆಂದು ನಾನು ಬಾಗಿಲ ಪಕ್ಕದಲ್ಲೇ ಕೂತೆ. ಅರ್ಧ ದಾರಿಯಲ್ಲಿ ದೊರೆ ಆ ಬೋಂಡವನ್ನು ನನ್ನ ಹೊಸ ಚಪ್ಪಲಿಯ ಮೇಲೆ ಹಿಂದಿರುಗಿಸಿದ.

ಗುಬ್ಬಿ ಬಸ್‌ಸ್ಟ್ಯಾಂಡಿನಲ್ಲಿ ಬಾಗಿಲು ತೆರೆಯಿತು. ಪಕ್ಕದಲ್ಲೇ ಯಾವುದೋ ಬಸ್ಸು ಜೋರಾಗಿ ಹಾರನ್ ಹೊಡೆಯಿತು. ದೊರೆ ಬೆಚ್ಚಿ ಒಂದೇ ಸಲ ತಲೆ ಹಿಂದಕ್ಕೆಳೆದ. ನನ್ನ ಕೈಯಲ್ಲಿ ಸರಪಳಿ ಇತ್ತು, ಅದರ ತುದಿಗೆ ಬೆಲ್ಟೂ ಇತ್ತು, ನಾಯಿ ಇರಲಿಲ್ಲ. ಅವನು ಹಾರಿದ್ದು ಒಳಗೆ ಬರುತ್ತಿದ್ದ ಇನ್ನೊಂದು ಬಸ್ಸಿನ ಮುಂದಕ್ಕೆ. ಆ ಡ್ರೈವರ್ ಬ್ರೇಕ್ ಒತ್ತಿದ ರಭಸಕ್ಕೆ ಒಳಗಿದ್ದ ಅಜ್ಜನೊಬ್ಬನ ಹಣೆ ಕಂಬಿಗೆ ಬಡಿಯಿತು. ದೊರೆ ಚಕ್ರಕ್ಕೆ ಸಿಗದೆ ರಸ್ತೆಯ ಕಡೆ ಓಡಿದ.

ನಾನು ಅಜ್ಜನ ಹತ್ತಿರ ಹೋಗಿ ಕೈಮುಗಿದೆ. ಹಣೆಗೆ ಒತ್ತಿಕೊಂಡಿದ್ದ ಟವೆಲ್ಲಿನಲ್ಲಿ ರಕ್ತವಿತ್ತು. "ನನ್ನ ಮಗ ಅವ್ನೆ, ಡಾಕ್ಟ್ರ ತಾವ ಕರ್ಕೊಂಡೋಯ್ತಾನೆ ಬುಡಪ್ಪ. ನೀನು ನಾಯಿ ನೋಡೋಗು, ಗಾಬ್ರಿ ಬಿದ್ದದೆ" ಎಂದ. ನಾಲ್ಕು ಮಾತು ಬೈದಿದ್ದರೆ ನನಗೆ ಸುಲಭವಾಗುತ್ತಿತ್ತು.

ಪೇಟೆಬೀದಿ, ಕೆರೆಯ ದಾರಿ, ಎಲ್ಲ ಅಲೆದೆ. ದೊರೆ ಎಲ್ಲೂ ದೊರೆಯಲಿಲ್ಲ. (ಪದ ಕೂಡಿಸಿ ನಗಿಸುವ ನನ್ನ ಹಳೆಯ ಚಟ. ಅವತ್ತು ಈ ಮಾತು ತಾನಾಗಿ ಬಾಯಿಗೆ ಬಂದು, ನಡುರಸ್ತೆಯಲ್ಲಿ ನಿಂತು ಅತ್ತುಬಿಟ್ಟೆ.) ಅಣ್ಣನನ್ನು ಕಳೆದುಕೊಂಡವಳಿಗೆ ಅವನ ನಾಯಿಯನ್ನೂ ಕಳೆದೆನೆಂದು ಹೇಗೆ ಹೇಳಲಿ? ಮೂರು ಸಲ ನಂಬರ್ ಒತ್ತಿ ಕಟ್ ಮಾಡಿ, ನಾಲ್ಕನೇ ಸಲ ಹೇಳಿದೆ, ಅಜ್ಜನ ಹಣೆಯ ವಿಷಯವನ್ನೂ. ಅವಳು, "ಅಲ್ಲೇ ಇರಿ" ಎಂದಳು, ಅಷ್ಟೆ.

ತುಮಕೂರಿನ ಬಸ್ಸಿಂದ ಇಳಿದವಳು ಮೊದಲು ಬೆಲ್ಟು ತೆಗೆದುಕೊಂಡು ನೋಡಿದಳು. "ಇದನ್ನ ಯಾರು ಸಡಿಲ ಮಾಡಿದ್ದು?"

"ಪಾಪ, ಬಿಗಿಯಾಗಿತ್ತು ಅಂತ..."

"ಅಣ್ಣ ಎರಡು ಬೆರಳು ತೂರಿಸಿ ನೋಡಿ ಹಾಕೋನು." ಬೆಲ್ಟು ಹಿಡಿದು ನಡೆದಳು, ನಾನು ಹಿಂದೆ. ಹೋಗಿದ್ದು ದನದ ಆಸ್ಪತ್ರೆಗೆ. ಭಾವ ಪ್ರತಿವರ್ಷ ದೊರೆಗೆ ಇಂಜೆಕ್ಷನ್ ಹಾಕಿಸುತ್ತಿದ್ದದ್ದು ಅಲ್ಲಿ. ಬೀಗ ಹಾಕಿದ ಗೇಟಿನ ಮುಂದೆ ಅವನು ಮಲಗಿದ್ದ.

"ದೊರೆ" ಎಂದಳು. ಅವನು ಎದ್ದು ಬಂದು ಅವಳ ಕೈ ಮೂಸಿದ, ಬಾಲ ಆಡಿಸಿದ. ಆಮೇಲೆ ನಮ್ಮಿಬ್ಬರನ್ನೂ ದಾಟಿ ನಿಂತು ರಸ್ತೆಯ ಕಡೆ ನೋಡಿದ. ಹಿಂದೆ ಇನ್ನೊಬ್ಬರು ಬರಬೇಕಿತ್ತಲ್ಲ ಎಂಬಂತೆ ನೋಡುತ್ತಲೇ ಇದ್ದ.

"ಅಣ್ಣ ಬರಲ್ಲ ಕಣೋ" ಎಂದಳು ಪ್ರೇಮ. "ಇನ್ಮೇಲೆ ಬರಲ್ಲ ಕಣೋ." ಮಣ್ಣಿನಲ್ಲೇ ಕೂತು ಅವನ ಕೊರಳು ತಬ್ಬಿ ಎರಡು ತಿಂಗಳ ಅಳುವನ್ನು ಅತ್ತಳು. ನಾನು ಚೀಲ ಹಿಡಿದು ನಿಂತಿದ್ದೆ. ಮಾಡಲು ನನಗೆ ಬೇರೇನೂ ತಿಳಿಯಲಿಲ್ಲ.

ಕಣ್ಣೊರೆಸಿಕೊಂಡ ಮೇಲೆ ನನ್ನ ಸರದಿ. ಬಸ್‌ಸ್ಟ್ಯಾಂಡ್ ತಲುಪುವವರೆಗೂ ಬೈದಳು. "ಪ್ರೀತಿ ಇದ್ರೆ ಕಟ್ಟೋಕೆ ಬರಬೇಕು ರೀ! ಅದು ಚಕ್ರಕ್ಕೆ ಸಿಕ್ಕಿದ್ರೆ? ಆ ಅಜ್ಜನಿಗೆ ಕಣ್ಣು ಹೋಗಿದ್ರೆ?" ಪ್ರತಿಯೊಂದು ಮಾತೂ ನಿಜವಾಗಿತ್ತು.

ತುಮಕೂರು ಬಸ್ಸಿನಲ್ಲಿ ಅವಳು ಎರಡು ಬೆರಳು ತೂರಿಸಿ ಬೆಲ್ಟು ಬಿಗಿದಳು, ಬಾಯಿಪಟ್ಟಿ ಹಾಕಿದಳು, ಹಿಂದಿನ ಸೀಟಿನ ಮೂಲೆ ಹಿಡಿದಳು. ಪಕ್ಕದವರನ್ನು, "ನಾಯಿ ಅಂದ್ರೆ ಭಯ ಇದೆಯೇನ್ರೀ? ಇದ್ರೆ ನಾವು ಮುಂದಿನ ಬಸ್ಸಿಗೆ ಬರ್ತೀವಿ" ಎಂದು ಕೇಳಿದಳು. ಕಂಡಕ್ಟರ್ ಬಂದಾಗ ದೊರೆಗೂ ಟಿಕೆಟ್ ಕೇಳಿ ಪಡೆದಳು.

"ನಾಯಿ ಯಾರ ಜವಾಬ್ದಾರಿ ಅಮ್ಮ?"

"ನಂದೇ. ಇವರೂ ನಂದೇ ಜವಾಬ್ದಾರಿ. ನಾಯಿಗೆ ಎಲ್ಲಾ ಕಟ್ಟಿದೀನಿ. ಇವರಿಗೇನೂ ಕಟ್ಟಿಲ್ಲ, ಸ್ವಲ್ಪ ಹುಷಾರು."

ಹಿಂದಿನ ಸೀಟುಗಳೆಲ್ಲ ನಕ್ಕವು. ದೊರೆ ಮಾತ್ರ ನಗದೆ, ನಿಟ್ಟುಸಿರು ಬಿಟ್ಟು ನನ್ನ ಪಾದದ ಮೇಲೆ ತಲೆಯಿಟ್ಟು ಮಲಗಿದ. ಕದಲಿದರೆ ಎದ್ದಾನೆಂದು ನಾನು ದಾರಿಯುದ್ದಕ್ಕೂ ಕಾಲು ಅಲುಗಿಸಲಿಲ್ಲ. ತುಮಕೂರು ಬಂದಾಗ ಕಾಲು ಜೋಮು ಹಿಡಿದು ಏಳಲಾಗಲಿಲ್ಲ. ಪ್ರೇಮ ಒಂದು ಕೈಯಲ್ಲಿ ಸರಪಳಿ, ಇನ್ನೊಂದರಲ್ಲಿ ನನ್ನ ರಟ್ಟೆ ಹಿಡಿದು ಇಬ್ಬರನ್ನೂ ಇಳಿಸಿದಳು. ಮೊದಲು ದೊರೆಯನ್ನು.