ಬುಗುಡಿಗೆ ಬೇಕಾದ ಕಿವಿ

ದೇವರು ಮನುಷ್ಯರಿಗೆ ಎರಡು ಕಿವಿ ಕೊಟ್ಟದ್ದು ದಂಡ ಎಂದು ಹುನಗುಂದದ ಸಾವಿತ್ರಿಗೆ ಅನ್ನಿಸಿದ್ದು ಅವಳ ಹದಿನೇಳನೆಯ ವಯಸ್ಸಿನಲ್ಲಿ, ಬಂಗಾರದ ಕೆಲಸದ ಪತ್ತಾರ ಮೋನಪ್ಪನ ಅಂಗಡಿಯ ಮಣೆಯ ಮೇಲೆ. ಒಂದೇ ಕೊಟ್ಟಿದ್ದರೆ ಅವಳ ಕೆಲಸ ಆಗಲೇ ಮುಗಿದಿರುತ್ತಿತ್ತು.

ಇದಕ್ಕೆಲ್ಲ ಮೂಲ ಅವಳ ಆಯಿ, ಅಂದರೆ ಅಪ್ಪನ ತಾಯಿ, ಬಸಲಿಂಗವ್ವ. ಆಯಿಯ ಮೇಲ್ಗಿವಿಯಲ್ಲಿ ಅವಳ ಮದುವೆಯ ಕಾಲದಿಂದಲೂ ಒಂದು ಜೋಡಿ ಬುಗುಡಿ ಕೂತಿದ್ದವು. ನಡುವೆ ಕೆಂಪು ಹರಳು, ಸುತ್ತ ಮುತ್ತು, ಹಿಂದೆ ತಿರುಪು. ಆ ವರ್ಷದ ಚಳಿಗೆ ಕಿವಿ ನೋಯತೊಡಗಿ, ಆಯಿ ಅವುಗಳನ್ನು ಬಿಚ್ಚಿ ಸೆರಗಿನ ತುದಿಗೆ ಗಂಟು ಹಾಕಿಕೊಂಡಳು. ಆಮೇಲೆ ಊಟಕ್ಕೆ ಕೂತ ಇಡೀ ಮನೆತನದ ಎದುರು ರಾಜಾಜ್ಞೆ ಹೊರಡಿಸಿದಳು.

"ನನಗ ಸಾಕಾತು. ಯಾವ ಮೊಮ್ಮಗಳ ಮ್ಯಾಲಿನ ಕಿವಿಗೆ ತೂತ ಐತೋ ಆಕಿಗೆ ಇವು. ಗುರಸಿದ್ದನ ಮದಿವಿ ಹೊತ್ತಿಗೆ ನೋಡ್ತೇನಿ."

ಗುರಸಿದ್ದ ಎಂದರೆ ಸಾವಿತ್ರಿಯ ಕೊನೆಯ ಕಾಕಾ. ಮೊಮ್ಮಕ್ಕಳಲ್ಲಿ ಮೇಲ್ಗಿವಿ ಚುಚ್ಚಿಸಿಕೊಂಡವರು ಒಬ್ಬರೂ ಇರಲಿಲ್ಲ. ಅದು ಮುದುಕಿಯರ ಶೃಂಗಾರವೆಂದು ಅವರ ತಾಯಂದಿರ ಕಾಲಕ್ಕೇ ಬಿಟ್ಟುಹೋಗಿತ್ತು. ನಿಜ ಹೇಳಬೇಕೆಂದರೆ ಸಾವಿತ್ರಿಗೂ ಬುಗುಡಿಯ ಮೇಲೆ ಆಸೆ ಇರಲಿಲ್ಲ. ಆದರೆ ಎದುರಿನ ಸಾಲಿನಲ್ಲಿ ಕೂತಿದ್ದ ದೊಡ್ಡಪ್ಪನ ಮಗಳು, ಇಲಕಲ್ಲಿನ ಇಂದ್ರಾಬಾಯಿ, ರೊಟ್ಟಿ ಮುರಿಯುವುದನ್ನು ನಿಲ್ಲಿಸಿ ಮೆಲ್ಲಗೆ ತನ್ನ ಕಿವಿ ಮುಟ್ಟಿ ನೋಡಿಕೊಂಡಳು. ಅಷ್ಟೇ. ಬುಗುಡಿಯಿಲ್ಲದ ಬಾಳು ಬಾಳೇ ಅಲ್ಲ ಎಂದು ಸಾವಿತ್ರಿಗೆ ಅದೇ ಕ್ಷಣ ಮನವರಿಕೆಯಾಯಿತು. (ಇಂದ್ರಾ ಎರಡು ತಿಂಗಳಿಗೆ ದೊಡ್ಡವಳು. ಆ ಎರಡು ತಿಂಗಳ ದೊಡ್ಡಸ್ತಿಕೆಯನ್ನು ತೊಟ್ಟಿಲಿನಿಂದಲೂ ನಡೆಸಿಕೊಂಡು ಬಂದವಳು.)

ಕಿವಿ ಚುಚ್ಚಿಸುವ ದಿನ ಅಪ್ಪ ಶಂಕ್ರಪ್ಪ ಮಾಸ್ತರು ಟೊಪ್ಪಿಗೆ ಏರಿಸಿಕೊಂಡು ಜೊತೆಗೆ ಹೊರಟರು.

"ನೀ ಬರೂದು ಬ್ಯಾಡಪಾ. ನನಗೇನ ಅಂಜಿಕಿಲ್ಲ."

"ಅಂಜಿಕಿ ನಿನಗಲ್ಲ, ನಿಮ್ಮವ್ವಗ. ನಾ ತಲಿ ಹಿಡಕೊಂಡು ಕುಂದರಬೇಕಂತ. ಆಕಿ ಹುಕುಂ ಆಗೇತಿ."

ಮೋನಪ್ಪ ಮೇಲ್ಗಿವಿಯನ್ನು ಎರಡು ಬೆರಳಿನಲ್ಲಿ ಒತ್ತಿ ನೋಡಿದ. "ಕೆಳಗಿನ ಕಿವಿ ಬರೇ ಚರ್ಮರೀ ಮಾಸ್ತರ. ಇದು ಎಲುಬಿನ ತಮ್ಮ. ಚೂರು ಮಾತಾಡತೈತಿ."

"ಏನಂತ ಮಾತಾಡತೈತಿ?"

"ತಡೀರಿ, ಕೇಳಸ್ತೈತಿ."

ಮಾತಾಡಿತು. ಹಸಿ ಗಜ್ಜರಿ ಕಡಿದಂತೆ ಕರಕ್ ಎಂದಿತು. ಆ ಸದ್ದು ಹೊರಗಿನಿಂದ ಬರದೆ ತಲೆಯ ಒಳಗಿನಿಂದಲೇ ಬಂದದ್ದರಿಂದ, ತನ್ನ ಬುರುಡೆಯೇ ಬಿರುಕುಬಿಟ್ಟಿತೆಂದು ಸಾವಿತ್ರಿ ತಿಳಿದಳು. ನೋವು ಸ್ವಲ್ಪ ತಡವಾಗಿ, ಬಸ್ಸು ತಪ್ಪಿಸಿಕೊಂಡವರಂತೆ ಓಡೋಡಿ ಬಂತು. ಮೋನಪ್ಪ ಎಳೆಯಂಥ ಬಂಗಾರದ ತಂತಿ ಪೋಣಿಸಿ ತಿರುವಿದ.

"ಹೆಣ್ಣಮಕ್ಕಳಿಗೆ ಎಡಗಿವಿ ಮೊದಲ. ಆತು. ಈಗ ಆ ಕಡೆ ತಿರಗು ಮಗಳ."

ತಿರುಗಿದರೆ ತಲೆ ಹಿಡಿದಿದ್ದ ಕೈಗಳೇ ಇಲ್ಲ. ಐದನೆಯ ಇಯತ್ತೆಯನ್ನು ಹುಬ್ಬಿನ ಸನ್ನೆಯಲ್ಲೇ ನಡುಗಿಸುತ್ತಿದ್ದ ಶಂಕ್ರಪ್ಪ ಮಾಸ್ತರು ಇದ್ದಿಲ ಚೀಲಕ್ಕೆ ಒರಗಿ ಮೂರ್ಛಾಸಮಾಧಿಯಲ್ಲಿದ್ದರು. ಟೊಪ್ಪಿಗೆ ನೀರಿನ ಬೋಗುಣಿಯಲ್ಲಿ ತೇಲುತ್ತಿತ್ತು. ಮೋನಪ್ಪ ಅದೇ ನೀರನ್ನು ಅವರ ಮುಖಕ್ಕೆ ಚಿಮುಕಿಸಿ ಎಬ್ಬಿಸುವಷ್ಟರಲ್ಲಿ ಸಾವಿತ್ರಿ ಮನೆ ಸೇರಿಯಾಗಿತ್ತು.

"ಎರಡೂ ಆದೂವೇನ?" ಎಂದಳು ಅವ್ವ.

"ಅಪ್ಪಗ ಚಕ್ಕರ ಬಂತು. ಆತನ್ನ ನೋಡ್ಲೋ, ನನ್ನ ಕಿವಿ ನೋಡ್ಲೋ?"

"ಹಂಗಾರ ನಾಳೆ ಹೋಗು."

"ನಾಳೆ ಅಮಾಸಿ."

ಅಮಾವಾಸ್ಯೆ ಕಳೆದ ಮೇಲೆ ಪರೀಕ್ಷೆ ಬಂತು. ಪರೀಕ್ಷೆಯ ಬೆನ್ನಿಗೆ ನೆಗಡಿ ಬಂತು. ನೆಗಡಿಯಲ್ಲಿ ಕಿವಿ ಚುಚ್ಚಿಸಬಾರದೆಂದು ಸಾವಿತ್ರಿಯೇ ಒಂದು ಶಾಸ್ತ್ರ ರಚಿಸಿದಳು. ಅಷ್ಟರಲ್ಲಿ ಇಲಕಲ್ಲಿನಿಂದ ಸುದ್ದಿ ಮುಟ್ಟಿತು. ಇಂದ್ರಾ ಒಂದೇ ದಿನ ಎರಡೂ ಕಿವಿ ಚುಚ್ಚಿಸಿಕೊಂಡಳಂತೆ, ಕಣ್ಣಲ್ಲಿ ಒಂದು ಹನಿ ನೀರು ಬರಲಿಲ್ಲವಂತೆ. ಆ ದಿನ ಸಾವಿತ್ರಿಗೆ ಊಟ ಸೇರಲಿಲ್ಲ. ಪತ್ತಾರನ ಓಣಿಯ ತಿರುವಿನವರೆಗೆ ಧೈರ್ಯವಾಗಿ ಹೋದಳು. ಅಲ್ಲಿಂದ ಒಳಗೆ ಕುಟ್ ಕುಟ್ ಸದ್ದು ಕೇಳಿಸಿದ್ದೇ ತಡ, ಅಷ್ಟೇ ಧೈರ್ಯವಾಗಿ ಮರಳಿ ಬಂದಳು.

ಮದುವೆ ಬದಾಮಿಯಲ್ಲಿ. ಹಿಂದಿನ ದಿನವೇ ಎಲ್ಲರೂ ಬೀಗರು ಕೊಟ್ಟ ಮನೆಯಲ್ಲಿ ಇಳಿದುಕೊಂಡರು. ಮುಂಜಾನೆ ಆಯಿ ಹೊರಸಿನ ಮೇಲೆ ಕೂತು, ವೀಳ್ಯದೆಲೆಯ ಮೇಲೆ ಬುಗುಡಿ ಇಟ್ಟುಕೊಂಡು, ಕಿವಿ ಚುಚ್ಚಿಸಿಕೊಂಡ ಮೊಮ್ಮಕ್ಕಳಿಬ್ಬರನ್ನೂ ಕರೆಸಿದಳು. ಸಾವಿತ್ರಿ ಬಲಗಿವಿಯ ಮೇಲೆ ಅಬ್ಬಲಿಗೆ ಮಾಲೆ ಇಳಿಬಿಟ್ಟು, ಎಡಗಿವಿಯನ್ನು ಆಯಿಯ ಕಡೆ ಮಾಡಿ ಕೂತಳು. ಹಾಗೆ ಕೂತರೆ ಮುಖ ಪಕ್ಕದ ಇಂದ್ರಾಳ ಕಡೆ ಬಂತು. ವಿಚಿತ್ರವೆಂದರೆ ಇಂದ್ರಾ ಬಲಗಿವಿಯನ್ನು ಆಯಿಗೆ ಒಪ್ಪಿಸಿ ಇವಳತ್ತ ಮುಖ ಮಾಡಿದ್ದಳು. ಮೂಗಿಗೂ ಮೂಗಿಗೂ ನಡುವೆ ಒಂದು ಗೇಣು. ಇಂದ್ರಾಳ ಎಡಗಡೆಯೂ ಮಲ್ಲಿಗೆ ಧಾರಾಳವಾಗಿ ಇಳಿದಿತ್ತು. ಆ ಹೂವಿನ ಸಂದಿಯಲ್ಲಿ ಬದನೆಕಾಯಿ ಬಣ್ಣಕ್ಕೆ ತಿರುಗಿ ಬಾತ ಕಿವಿಯೊಂದು ಇಣುಕುತ್ತಿತ್ತು. ಅದರಲ್ಲಿ ತಂತಿ ಇರಲಿಲ್ಲ.

"ತಂತಿ ಎಲ್ಲೈತಿ?" ಸಾವಿತ್ರಿ ತುಟಿ ಅಲ್ಲಾಡಿಸದೆ ಕೇಳಿದಳು.

"ಕೀವ ಆತು. ದವಾಖಾನ್ಯಾಗ ಕತ್ತರಿಸಿ ತಗದ್ರು. ನಿನ್ನ ಹೂವಿನ ಕೆಳಗ ಏನೈತಿ?"

"ಕಿವಿ."

"ಬರೇ ಕಿವಿ?"

"ನೀ ಸುಮ್ಮನಿದ್ರ ನಾ ಸುಮ್ಮನಿರ್ತೇನಿ."

ಅವರಿಬ್ಬರ ನಡುವೆ ಹುಟ್ಟಿದಾಗಿನಿಂದ ಆದ ಮೊದಲ ಒಪ್ಪಂದ ಇದು. ಆಯಿ ಒಂದು ಬುಗುಡಿಯನ್ನು ಸಾವಿತ್ರಿಯ ಎಡಗಿವಿಗೆ ತಿರುಪಿದಳು.

"ಆತು. ಇನ್ನೊಂದು ಕಡೆ ಕೊಡು."

"ನನಗ ಒಂದ ಸಾಕು ಆಯಿ," ಎಂದಳು ಸಾವಿತ್ರಿ. ದನಿಯಲ್ಲಿ ತ್ಯಾಗ ತುಳುಕುತ್ತಿತ್ತು. "ಇನ್ನೊಂದು ಇಂದ್ರಕ್ಕಗ ಹಾಕು."

ಅಕ್ಕ ಎಂಬ ಶಬ್ದ ಅವಳ ಬಾಯಿಂದ ಬಿದ್ದದ್ದು ಕೇಳಿ ಇಂದ್ರಾಳೇ ಬೆಚ್ಚಿದಳು. ಆದರೂ ಚೇತರಿಸಿಕೊಂಡು, "ಬಲಗಿವಿಗೇ ಹಾಕು ಆಯಿ, ಇಬ್ಬರೂ ಹಂಚಿಕೊಂಡು ಇಟಗೋತೇವಿ," ಎಂದಳು.

ನೆರೆದ ಹೆಂಗಸರು ಕಣ್ಣೊರೆಸಿಕೊಂಡರು. ಇಂಥ ಹುಡುಗಿಯರನ್ನು ಈಗಿನ ಕಾಲದಲ್ಲಿ ಕಂಡೇ ಇಲ್ಲವೆಂದರು. ಸಾವಿತ್ರಿಯ ಅವ್ವ ಮಾತ್ರ ತಲೆಯೆತ್ತಿ ಮಾಳಿಗೆಯ ತೊಲೆ ಎಣಿಸುತ್ತಿದ್ದಳು. ಇಂದ್ರಾಳ ಅವ್ವನೂ ಅದೇ ತೊಲೆಗಳನ್ನು ಎಣಿಸುತ್ತಿದ್ದಳು.

ತೊಂದರೆ ಶುರುವಾದದ್ದು ಮದುವೆಯ ಹಂದರದಲ್ಲಿ. ಒಂದೇ ಬುಗುಡಿ ಹಾಕಿಕೊಂಡವಳನ್ನು ಕಂಡವರೆಲ್ಲ "ಇನ್ನೊಂದು ಎಲ್ಲಿ ಬಿತ್ತವ್ವಾ?" ಎಂದು ಗಾಬರಿಯಾಗಿ ನೆಲ ಹುಡುಕತೊಡಗಿದರು. ಒಬ್ಬ ಮುದುಕ ಜಮಖಾನೆಯನ್ನೇ ಎತ್ತಿ ಝಾಡಿಸಿದ. ಬೇರೆ ದಾರಿ ಕಾಣದೆ ಅಕ್ಕತಂಗಿಯರು ಭುಜಕ್ಕೆ ಭುಜ, ಕೆನ್ನೆಗೆ ಕೆನ್ನೆ ತಾಗಿಸಿ ಕೂತರು. ಈಗ ದೂರದಿಂದ ನೋಡಿದವರಿಗೆ ಆ ತುದಿಗೊಂದು, ಈ ತುದಿಗೊಂದು ಬುಗುಡಿ ಕಂಡು ಲೆಕ್ಕ ಸರಿಹೋಯಿತು. ಒಬ್ಬಳು ನೀರಿಗೆ ಎದ್ದರೆ ಇನ್ನೊಬ್ಬಳೂ ಏಳಬೇಕು. ಅಕ್ಷತೆ ಹಾಕುವಾಗಲೂ ಒಂದೇ ಹೆಜ್ಜೆ. ಊಟದಲ್ಲಿ ಇಂದ್ರಾಳ ಮೊಣಕೈ ಸಾವಿತ್ರಿಯ ಪಕ್ಕೆಲುಬಿಗೆ ನಾಟುತ್ತಿತ್ತು.

"ದೂರ ಸರಿಯೇ ಎಮ್ಮಿ."

"ಸರದ್ರ ನಿನ್ನ ಬೋಳಗಿವಿ ಕಾಣ್ತೈತಿ. ಸರೀಲಿ?"

ಸಂಜೆ ಆಯಿ ಸಾವಿತ್ರಿಯನ್ನು ಒಬ್ಬಳನ್ನೇ ಕರೆದಳು.

"ಹೆಣ್ಣಿನ ಕಡೆ ಚೊಳಚಗುಡ್ಡದ ಬೀಗರು ನಿಮ್ಮಿಬ್ಬರನ್ನ ಮುಂಜಾನಿಂದ ನೋಡಾಕತ್ಯಾರ. ಇಷ್ಟ ಅಂಟಿಕೊಂಡ ಅಕ್ಕತಂಗೇರನ್ನ ಅಗಲಿಸಬಾರದು, ನಮ್ಮ ಮನ್ಯಾಗ ಅಣ್ಣತಮ್ಮ ಇಬ್ಬರದಾರ, ಇಬ್ಬರನ್ನೂ ನಮಗ ಕೊಡ್ರಿ ಅಂತಾರ. ನೀವು ಬಿ.ಎ. ಮುಗಸ್ರಿ, ಗಡಿಬಿಡಿಲ್ಲ. ನಾ ಆಗಲಿ ಅಂದೀನಿ."

ಸಾವಿತ್ರಿಯ ಕಣ್ಣ ಮುಂದೆ ತನ್ನ ಇಡೀ ಆಯುಷ್ಯ ಹಾದುಹೋಯಿತು. ಒಂದೇ ಒಲೆ, ಒಂದೇ ನೀರಿನ ಕೊಡ, ಅಣ್ಣನ ಹೆಂಡತಿಯಾಗಿ ಹಿರಿಯ ನೆಗೆಣ್ಣಿಯ ಪಟ್ಟದಲ್ಲಿ ಇಂದ್ರಾ. ಅವಳು ಆಯಿಯ ಕಾಲು ಹಿಡಿದಳು.

"ಆಯಿ, ಪ್ರೀತಿಲ್ಲ ಏನಿಲ್ಲ. ನನ್ನ ಬಲಗಿವಿ ಚುಚ್ಚಸೇ ಇಲ್ಲ. ಆಕಿದು ಎಡಗಿವಿ ಬಾತೇತಿ. ಅದಕ್ಕ ಹಂಗ ಕುಂತಿದ್ವಿ."

"ಗೊತ್ತೈತಿ," ಎಂದಳು ಆಯಿ. "ಮುಂಜಾನೆ ನೀ ಅಕ್ಕಾ ಅಂದಾಗ ಗೊತ್ತಾತು. ಅದಕ್ಕ ಒಂದ ಮನಿಗೆ ಹೂಂ ಅಂದೀನಿ. ಬ್ಯಾರೆ ಬ್ಯಾರೆ ಮನಿಗೆ ಹೋದ್ರ ಅರ್ಧಾ ಬುಗುಡಿ ತಗೊಂಡು ಏನ ಮಾಡ್ತೀರಿ? ನೀ ಒಲ್ಲೆಂದ್ರ ಇನ್ನೊಂದು ಹಾದಿ ಐತಿ. ಆಕಿ ಕಿವಿ ಮಾಯೂದು ತಡ ಐತಿ. ತಾಳಿ ಮಾಡಿದ ಮೋನಪ್ಪ ಊಟಕ್ಕ ಬಂದಾನ, ಸೂಜಿನೂ ತಂದಾನ. ಈಗ ಹೋಗಿ ಬಲಗಿವಿ ಕೊಟ್ರ ಎರಡೂ ನಿನ್ನವ. ಚೊಳಚಗುಡ್ಡದವರಿಗೆ ನಾ ಬ್ಯಾಡ ಅಂತೇನಿ."

ಸಾವಿತ್ರಿ ಅತ್ತ ನೋಡಿದಳು. ಹಂದರದ ಕಂಬದ ಹತ್ತಿರ ಮೋನಪ್ಪ ಊಟ ಮುಗಿಸಿ, ಕೈ ಒರೆಸಿಕೊಂಡು, ಕಿಸೆಯಿಂದ ಸೂಜಿಯನ್ನು ತೆಗೆದು ಬೆಳಕಿಗೆ ಹಿಡಿದು ನೋಡುತ್ತಿದ್ದ. ಪಕ್ಕದಲ್ಲಿದ್ದ ಶಂಕ್ರಪ್ಪ ಮಾಸ್ತರು ಆಗಲೇ ಕಂಬ ಹಿಡಿದುಕೊಂಡಿದ್ದರು.

ಅವಳು ಬಲಗಿವಿಯ ಮೇಲಿನ ಅಬ್ಬಲಿಗೆ ಮಾಲೆಯನ್ನು ಇನ್ನಷ್ಟು ಕೆಳಗೆ ಎಳೆದುಕೊಂಡಳು. ಆಮೇಲೆ ಸೆರಗು ಸರಿಪಡಿಸಿಕೊಂಡು ಸಣ್ಣ ದನಿಯಲ್ಲಿ ಕೇಳಿದಳು:

"ಆ ತಮ್ಮ ಅನ್ನಾಂವ ಏನ ಕಲ್ತಾನ ಆಯಿ?"