ಕಾಕಾನ ಕಿವಿಯೂ ಕಂಪನಿಯ ಡಬ್ಬಿಯೂ

ನಮ್ಮ ಕಾಕಾ ಮನುಷ್ಯರ ಮಾತನ್ನು ಎಂದೂ ಕೇಳಿದವನಲ್ಲ. ಅಜ್ಜನ ಮಾತು ಕೇಳಲಿಲ್ಲ, ಶಾಲೆಯಲ್ಲಿ ಮಾಸ್ತರರ ಮಾತು ಕೇಳಲಿಲ್ಲ, ಮದುವೆಯಾದ ಮೇಲೆ ಕಾಕುವಿನ ಮಾತನ್ನಂತೂ ಕೇಳಲೇ ಇಲ್ಲ. ಅವನು ಕೇಳುತ್ತಿದ್ದುದು ಮಷೀನುಗಳ ಮಾತನ್ನು ಮಾತ್ರ! ನೀವು ನಗುತ್ತೀರಿ. ನಾವೂ ಬಹಳ ವರ್ಷ ನಕ್ಕವರೇ.

ಬೈಲಹೊಂಗಲದ ಒಂದು ಜಿನ್ನಿಂಗ್ ಮಿಲ್ಲಿನಲ್ಲಿ ಅವನು ಮಿಸ್ತ್ರಿ. ಹತ್ತಿಯಿಂದ ಕಾಳು ಬಿಡಿಸಿ, ಅರಳೆಯನ್ನು ಒತ್ತಿ ಬೇಲ್ ಕಟ್ಟುವ ಮಿಲ್ಲು. ಒಳಗೆ ಕಾಲಿಟ್ಟರೆ ಪಕ್ಕದವನು 'ಸತ್ತೆನೋ' ಎಂದು ಚೀರಿದರೂ ಕೇಳಿಸದಷ್ಟು ಸದ್ದು. ಆ ಸದ್ದಿನ ನಡುವೆ ಕಾಕಾ ಉದ್ದನೆಯ ಸ್ಕ್ರೂಡ್ರೈವರ್ ಹಿಡಿದು ಓಡಾಡುತ್ತಿದ್ದ. ಅದರ ತುದಿಯನ್ನು ಮಷೀನಿನ ಬೇರಿಂಗಿಗೆ ಒತ್ತಿ, ಹಿಡಿಕೆಯನ್ನು ಕಿವಿಗೆ ಆನಿಸಿ, ಕಣ್ಣು ಮುಚ್ಚಿ ನಿಲ್ಲುತ್ತಿದ್ದ. ಥೇಟ್ ಡಾಕ್ಟರು! ಆಮೇಲೆ ಕಣ್ಣು ತೆರೆದು, "ಈಕಿಗೆ ಗ್ರೀಸ್ ಬೇಕಾಗೈತಿ" ಎಂದೋ, "ಇಂವಾ ಇನ್ನ ಭಾಳ ದಿನಾ ಬಾಳಂಗಿಲ್ಲ" ಎಂದೋ ತೀರ್ಪು ಕೊಡುತ್ತಿದ್ದ. ಮಷೀನುಗಳಲ್ಲಿ ಗಂಡು ಯಾವುದು, ಹೆಣ್ಣು ಯಾವುದು ಎಂದು ಅವನು ಹೇಗೆ ನಿರ್ಧರಿಸುತ್ತಿದ್ದನೋ, ಕೇಳುವ ಧೈರ್ಯ ಯಾರಿಗೂ ಇರಲಿಲ್ಲ.

ಮಿಲ್ಲಿಗಷ್ಟೇ ಆಗಿದ್ದರೆ ಸರಿ. ಮನೆಯ ಮಿಕ್ಸರಿಗೂ ಫ್ರಿಜ್ಜಿಗೂ ಇದೇ ಪರೀಕ್ಷೆ. ಒಮ್ಮೆ ಅವನ ಮಗಳನ್ನು ನೋಡಲು ರಾಮದುರ್ಗದಿಂದ ಗಂಡಿನವರು ಕಾರಿನಲ್ಲಿ ಬಂದಿದ್ದರು. ಒಳಗೆ ಎಲ್ಲರೂ ಅವಲಕ್ಕಿ ತಿನ್ನುತ್ತ ಕುಳಿತಿದ್ದರೆ ಕಾಕಾ ಕಾಣೆ! ನೋಡಿದರೆ ಅಂಗಳದಲ್ಲಿ ಅವರ ಕಾರಿನ ಬಾನೆಟ್ ಎತ್ತಿಸಿ, ಸ್ಕ್ರೂಡ್ರೈವರ್ ಕಿವಿಗಿಟ್ಟು ಧ್ಯಾನಸ್ಥ. ಒಳಗೆ ಬಂದವನೇ, "ಇಂಜಿನ್ ಭಾಳ ಚಂದ ಇಟ್ಟಾರ. ಗಾಡಿ ಹಿಂಗ ಇಟ್ಟಾಂವಾ ಹೇಣ್ತಿನ್ನೂ ಚಂದ ಇಡತಾನ. ನನ್ನ ಒಪ್ಪಿಗಿ ಐತ್ರಿ" ಎಂದುಬಿಟ್ಟ. ಮದುವೆಯಾಯಿತು. ಆ ಮೇಲೆ ತಿಳಿಯಿತು, ಅದು ಬಾಡಿಗೆಯ ಕಾರು! ಅಳಿಯ ಒಳ್ಳೆಯವನೇ, ಅದು ಬೇರೆ ಮಾತು. ಆದರೂ ಸಿಟ್ಟು ಬಂದಾಗಲೆಲ್ಲ ಕಾಕು, "ಆ ಕಾರಿನ ಡ್ರೈವರ್‌ಗೇ ಮಗಳನ್ನ ಕೊಟ್ಟಬಿಡಬೇಕಾಗಿತ್ತ ನೀವು" ಎನ್ನುವುದನ್ನು ಬಿಟ್ಟಿಲ್ಲ.

ಒಮ್ಮೆ ಮನೆಮಂದಿಯೆಲ್ಲ ಸವದತ್ತಿ ಎಲ್ಲಮ್ಮನ ಗುಡ್ಡಕ್ಕೆ ಬಸ್ಸಿನಲ್ಲಿ ಹೊರಟಿದ್ದೆವು. ಮುನವಳ್ಳಿ ದಾಟುತ್ತಿದ್ದಂತೆ ಕಾಕಾ ಎದ್ದು ಡ್ರೈವರ್ ಹತ್ತಿರ ಹೋಗಿ, "ಗೇರ್‌ಬಾಕ್ಸ್ ಅಳಾಕತ್ತೈತ್ರಿ, ನಿಲ್ಲಸ್ರಿ" ಎಂದ. ಡ್ರೈವರ್ ಅವನನ್ನು ಮೇಲಿಂದ ಕೆಳಗೆ ನೋಡಿ, "ಯಜಮಾನ್ರ, ಹಿಂದ ಕೂಸು ಅಳಾಕತ್ತೈತಿ. ಹೋಗಿ ಕುಂದರ್ರಿ" ಎಂದ. ಬಸ್ಸೆಲ್ಲ ನಕ್ಕಿತು. ಉಗರಗೋಳ ಇನ್ನೂ ದೂರವಿರುವಾಗಲೇ ಬಸ್ಸು ಒಮ್ಮೆ ಗೊರಕೆ ಹೊಡೆದು ನಿಂತೇ ಹೋಯಿತು. ಆಗ ಎಲ್ಲರೂ ಕಾಕಾನನ್ನು ಹೊಗಳಬೇಕಿತ್ತಲ್ಲವೇ? ಎಲ್ಲಿಯ ಹೊಗಳಿಕೆ! "ಇವನ ಕೆಟ್ಟ ಬಾಯಿ ಹತ್ತಿ ನಿಂತೈತಿ ನೋಡ್ರಿ" ಎಂದು ಬಿಸಿಲಲ್ಲಿ ನಡೆಯುತ್ತ ಅವನಿಗೇ ಶಾಪ ಹಾಕಿದರು.

ಇಂಥವನ ಎದುರಿಗೆ ಡಬ್ಬಿ ಬಂತು.

ಆ ಹೊತ್ತಿಗೆ ನಾನೂ ಅದೇ ಮಿಲ್ಲಿನ ಆಫೀಸು ಸೇರಿದ್ದೆ. ಸಾವ್ಕಾರರು, ಅಂದರೆ ಮಿಲ್ಲಿನ ಮಾಲೀಕರು, ಎಲ್ಲೋ ಪ್ರದರ್ಶನ ನೋಡಿ ಬಂದು ಮಿಲ್ಲನ್ನು 'ಸ್ಮಾರ್ಟ್' ಮಾಡುತ್ತೇನೆಂದು ಹಟ ಹಿಡಿದರು. ಯಾವುದೋ ಕಂಪನಿಯವರು ಬಂದು ಪ್ರತಿ ಬೇರಿಂಗಿಗೂ ಸಾಬೂನಿನ ಬಿಲ್ಲೆಯಷ್ಟು ದೊಡ್ಡ ಒಂದೊಂದು ಡಬ್ಬಿ ಅಂಟಿಸಿದರು. ಮಷೀನು ಎಷ್ಟು ಅದುರುತ್ತಿದೆ, ಎಷ್ಟು ಬಿಸಿಯಾಗಿದೆ ಎಂದು ಅವು ಆಫೀಸಿನ ಪರದೆಗೆ ಸುದ್ದಿ ಕಳಿಸುತ್ತವೆ. ಹಸಿರು ದೀಪವಿದ್ದರೆ ಕ್ಷೇಮ, ಹಳದಿ ಬಂದರೆ ಹುಷಾರು, ಕೆಂಪು ಬಂದರೆ ನಿಲ್ಲಿಸಿ. ಆ ಪರದೆಯ ಮುಂದೆ ಕೂರುವ ಕೆಲಸ ನನ್ನದು. ಹೀಗೆ ಕಾಕಾನ ದೃಷ್ಟಿಯಲ್ಲಿ ನಾನು ವೈರಿಯ ಪಾಳೆಯ ಸೇರಿದೆ.

ಡಬ್ಬಿ ಜೋಡಿಸಲು ಬಂದವಳು ಹುಬ್ಬಳ್ಳಿಯ ಇಂಜಿನಿಯರ್ ಹುಡುಗಿ. ಪಾಪ, ಬಹಳ ತಾಳ್ಮೆಯವಳು.

"ಕಾಕಾರ, ಇದು ಇಪ್ಪತ್ನಾಕು ತಾಸೂ ಮಷೀನಿನ ಮ್ಯಾಲೆ ಕಣ್ಣಿಟ್ಟಿರತೈತ್ರಿ."

"ನಾ ಏನ ನಿದ್ದಿ ಹೊಡ್ಯಾಕ ಬರತೇನೇನ ಇಲ್ಲಿ?"

"ಹಂಗಲ್ರಿ. ನಿಮಗ ಸಹಾಯ ಆಗ್ಲಿ ಅಂತ."

"ಸಹಾಯಕ್ಕ ಬಂದಾಂವಾ ಮೊದಲ ಬಂದು ನಮಸ್ಕಾರಾ ಮಾಡಬೇಕವಾ. ಇಂವಾ ಬಂದಾಂವನ ಬೇರಿಂಗ್ ಮ್ಯಾಲೆ ಕುಂತಾನ!"

ಮರುದಿನದಿಂದ ಡಬ್ಬಿಗೆ 'ಸಾಹೇಬ್ರು' ಎಂದು ಹೆಸರಾಯಿತು. ಕಾಕಾ ಬೆಳಗ್ಗೆ ಬಂದೊಡನೆ ಪ್ರತಿ ಡಬ್ಬಿಯ ಮುಂದೆಯೂ ನಿಂತು ಸೆಲ್ಯೂಟ್ ಹೊಡೆದು, "ಸಾಹೇಬ್ರ ತಬ್ಯತ್ತ ಹೆಂಗೈತ್ರಿ?" ಎಂದು ವಿಚಾರಿಸುವನು. ಅಮಾವಾಸ್ಯೆಯ ದಿನ ಮಷೀನುಗಳಿಗೆಲ್ಲ ಲಿಂಬೆಹಣ್ಣು, ಮೆಣಸಿನಕಾಯಿ ಕಟ್ಟಿದವನು ಡಬ್ಬಿಗಳ ದಿಕ್ಕಿಗೆ ಬೇಕೆಂದೇ ಬೆನ್ನು ಮಾಡಿದ. ಮಷೀನಿಗೆ ಹತ್ತಿ ಹಾಕುವ ಹೆಂಗಸರು ಸೆರಗು ಬಾಯಿಗಿಟ್ಟುಕೊಂಡು ನಗುತ್ತಿದ್ದರು. ಅವರಲ್ಲಿ ಎಲ್ಲರಿಗಿಂತ ಜೋರಾಗಿ ನಗುತ್ತಿದ್ದವಳು ಸಂಪಗಾಂವದಿಂದ ಬರುವ ಗಂಗವ್ವ.

ಮೊದಲ ಯುದ್ಧದಲ್ಲಿ ಕಾಕಾನೇ ಗೆದ್ದ. ಒಂದು ದಿನ ಪರದೆಯಲ್ಲಿ ಕೆಂಪು ದೀಪ ಹತ್ತಿತು, ಮಿಲ್ಲು ನಿಂತಿತು, ಮಷೀನು ಬಿಚ್ಚಿದರು. ಒಳಗೆ ಏನೂ ಆಗಿರಲಿಲ್ಲ! ಯಾರೋ ಡಬ್ಬಿಗೆ ತಾಗುವಂತೆ ಸಡಿಲ ತಗಡೊಂದನ್ನು ಒರಗಿಸಿ ಹೋಗಿದ್ದರು. ಅದು ಬಡಿದುಕೊಂಡದ್ದನ್ನೇ ಡಬ್ಬಿ ಮಹಾ ರೋಗವೆಂದು ವರದಿ ಮಾಡಿತ್ತು. ಕಾಕಾ ಅಂದು ಮಿಲ್ಲಿಗೆಲ್ಲ ಕರದಂಟು ಹಂಚಿದ. ಒಂದು ತುಂಡನ್ನು ಡಬ್ಬಿಯ ಮುಂದೆಯೂ ಇಟ್ಟು, "ಬಾಯಿ ಸೀ ಮಾಡ್ಕೊಳ್ರಿ ಸಾಹೇಬ್ರ" ಎಂದ. ಅಂದಿನಿಂದ ಸಾವ್ಕಾರರು ಯಾವ ದೀಪ ಹತ್ತಿದರೂ ಮೊದಲು ಕೇಳುತ್ತಿದ್ದುದು ಒಂದೇ ಮಾತು: "ಮಿಸ್ತ್ರಿ ಏನಂತಾನ?"

ಇತ್ತ ಮನೆಯಲ್ಲಿ ಕಾಕಾನ ವಿಚಿತ್ರ ಹೆಚ್ಚಾಗುತ್ತಿತ್ತು. ಟಿವಿ ಹಚ್ಚಿದರೆ ಓಣಿಯ ತುದಿಯವರಿಗೂ ವಾರ್ತೆ ತಿಳಿಯುತ್ತಿತ್ತು. ಊಟಕ್ಕೆ ಕುಳಿತಾಗ ಕಾಕು, "ಮಜ್ಜಿಗಿ ಹಾಕ್ಲೇನ್ರಿ?" ಎಂದರೆ ಇವನು, "ಅಜ್ಜಿಗಿ ಯಾಕ? ಆಕಿ ಹೋಗಿ ಯಾವ ಕಾಲಾತು!" ಎನ್ನುತ್ತಿದ್ದ. ಮಕ್ಕಳು ಹೊಟ್ಟೆ ಹಿಡಿದುಕೊಂಡು ನಕ್ಕರೆ ಅವನೂ ಒಂದು ಗಳಿಗೆ ಎಲ್ಲರ ಮುಖ ನೋಡಿ, ಆಮೇಲೆ ತಾನೂ ನಗುತ್ತಿದ್ದ. ಬೇಕಂತಲೇ ಚೇಷ್ಟೆ ಮಾಡುತ್ತಾನೆ ಎಂದುಕೊಂಡೆವು. ಹುಟ್ಟಿದಾಗಿನಿಂದ ಯಾರ ಮಾತನ್ನೂ ಕೇಳದವನಿಗೆ ಕಿವಿ ಕೇಳಿಸುತ್ತಿಲ್ಲ ಎಂದು ಯಾರಿಗೆ ಹೊಳೆದೀತು?

ಹತ್ತಿಯ ಹಂಗಾಮು ಜೋರಾಗಿತ್ತು. ಗೇಟಿನ ಹೊರಗೆ ಟ್ರ್ಯಾಕ್ಟರುಗಳ ಸಾಲು. ಒಂದು ಮಧ್ಯಾಹ್ನ ಪರದೆಯಲ್ಲಿ ಒಂದು ಬೇರಿಂಗು ಹಳದಿಯಾಯಿತು. ನೋಡುನೋಡುತ್ತಲೇ ಕೆಂಪಾಯಿತು. ತನ್ನ ಆಫೀಸಿನಿಂದಲೇ ಅದನ್ನು ನೋಡುತ್ತಿದ್ದ ಹುಬ್ಬಳ್ಳಿಯ ಹುಡುಗಿಯ ಫೋನ್ ಬಂತು: "ಸರ್, ಲಗೂನ ಬಂದ್ ಮಾಡಸ್ರಿ. ಈ ಸಲ ಬಿಸಿನೂ ಏರಾಕತ್ತೈತಿ." ನಾನು ಸಾವ್ಕಾರರನ್ನು ಕರೆದುಕೊಂಡು ಓಡಿದೆ. ಸಾವ್ಕಾರರು ಹೊರಗಿನ ಸಾಲು ನೋಡಿದರು, ಕಾಕಾನ ಮುಖ ನೋಡಿದರು.

ಕಾಕಾ ಸ್ಕ್ರೂಡ್ರೈವರ್ ಒತ್ತಿದ. ಕಣ್ಣು ಮುಚ್ಚಿದ. ಎಂದಿಗಿಂತ ಹೆಚ್ಚು ಹೊತ್ತೇ ನಿಂತ. ಆಮೇಲೆ ಕೈ ಎತ್ತಿ, "ಏನೂ ಆಗಿಲ್ಲ. ನಡೀಲಿ" ಎಂದ.

ನಾನು ತಿರುಗಿ ಆಫೀಸಿನ ಬಾಗಿಲಿಗೆ ಇನ್ನೂ ಬಂದಿರಲಿಲ್ಲ. ಹಿಂದಿನಿಂದ ಕಬ್ಬಿಣ ಕಿತ್ತುಬಂದಂಥ ಸದ್ದು. ಬೇರಿಂಗು ಬಿಗಿದುಕೊಂಡು ಕಿಡಿ ಹಾರಿತ್ತು. ಹತ್ತಿಗೆ ಕಿಡಿ ಬಿದ್ದ ಮೇಲೆ ಹೇಳುವುದೇನಿದೆ! ಎಲ್ಲರೂ ಹೊರಗೆ ಓಡಿದರು. ಗಂಗವ್ವ ಮಾತ್ರ ತನ್ನ ಮುಂದೆ ಹೊತ್ತಿಕೊಂಡ ಹತ್ತಿಯನ್ನು ದೊಡ್ಡ ರಾಶಿಯಿಂದ ಆಚೆ ಎಳೆಯಲು ಹೋದಳು. ಬೆಂಕಿ ಬೇಗ ಆರಿತು. ಮಿಲ್ಲು ಉಳಿಯಿತು. ಗಂಗವ್ವನ ಬಲಗೈ ಬೆಂದಿತ್ತು.

ಮರುದಿನ ಹುಬ್ಬಳ್ಳಿಯ ಹುಡುಗಿ ಬಂದಾಗ ಕಾಕಾ ಸುಟ್ಟ ಮಷೀನಿನ ಎದುರಿಗೆ ಹತ್ತಿಯ ಬೇಲ್ ಒಂದರ ಮೇಲೆ ಕುಳಿತಿದ್ದ. ಅವಳು ಬೈಯಲಿಲ್ಲ. ಪಕ್ಕದಲ್ಲಿ ಕುಳಿತು, ಅವನ ಮುಖಕ್ಕೆ ಮುಖ ಮಾಡಿ ಜೋರಾಗಿ ಕೇಳಿದಳು.

"ಕಾಕಾರ, ನಿನ್ನೆ ನಿಮಗ ಖರೇನ ಏನೂ ಕೇಳಿಸಲಿಲ್ಲೇನ್ರಿ?"

ಕಾಕಾ ಅವಳ ತುಟಿಗಳನ್ನೇ ನೋಡುತ್ತಿದ್ದ. "ನಿನ್ನೆ ಅಷ್ಟ ಅಲ್ಲವಾ. ಭಾಳ ದಿನದಿಂದ ಏನೂ ಕೇಳಸವಲ್ದು."

"ಮತ್ತ ಯಾಕ ಹೇಳಲಿಲ್ರಿ?"

"ಕಿವಿ ಹೋತಂದ್ರ ನನಗ ಮಿಸ್ತ್ರಿ ಅಂತ ಯಾರ ಅಂತಾರವಾ? ಇಷ್ಟ ದಿನಾ ಕೈಯಿಟ್ಟು ನೋಡೀದ್ನಿ, ಅಂದಾಜಲೆ ಹೇಳೀದ್ನಿ. ನಡದಿತ್ತು. ನಿನ್ನೆ ನಡೀಲಿಲ್ಲ."

ನಮ್ಮ ಹಿಂದೆ ಉಳಿದ ಮಷೀನುಗಳು ಗುಡುಗುತ್ತಿದ್ದವು. ಅವುಗಳ ನಡುವೆಯೇ ಇವನ ಆಯುಷ್ಯ ಸವೆದಿತ್ತು. ಆಮೇಲೆ ಕರೆದುಕೊಂಡು ಹೋಗಿ ತೋರಿಸಿದಾಗ, ಕಿವಿಯ ನರಗಳನ್ನು ಅವೇ ತಿಂದಿವೆ ಎಂದು ಬೆಳಗಾವಿಯ ಡಾಕ್ಟರು ಹೇಳಿದರು. ಕಿವಿಯ ಹತ್ತಿರ ಬಾಯಿಟ್ಟು ಕೂಗಿದರೆ ಒಂದಿಷ್ಟು ಕೇಳಿಸೀತು, ಅದೂ ಎಷ್ಟು ದಿನವೋ ಹೇಳಲಾಗದು ಎಂದರು.

ಕಾಕಾ ಮಿಲ್ಲಿಗೆ ಹೋಗುವುದನ್ನು ಬಿಟ್ಟ. ಸಾವ್ಕಾರರು ಬೇಡವೆನ್ನಲಿಲ್ಲ, ಬಾ ಎಂದೂ ಹೇಳಿಕಳಿಸಲಿಲ್ಲ. ಗಂಗವ್ವನ ಆಸ್ಪತ್ರೆಯ ಖರ್ಚನ್ನು ಅವರೇ ನೋಡಿಕೊಂಡರು. ಮಿಲ್ಲು ಈಗ ಪೂರ್ತಿ ಡಬ್ಬಿಗಳ ಮೇಲೆಯೇ ನಡೆಯುತ್ತದೆ, ಚೆನ್ನಾಗಿಯೇ ನಡೆಯುತ್ತದೆ. ಪರದೆ ದಿನವಿಡೀ ಹಸಿರು. ನನ್ನ ಮುಂದೆ ಬಂದು ವಾದ ಮಾಡುವವರು ಯಾರೂ ಇಲ್ಲ. ಮಿಲ್ಲಿನಲ್ಲಿ ನಗುವವರೂ ಇಲ್ಲ.

ಮನೆಯಲ್ಲಿ ಕಾಕಾ ಗೋಡೆಗೆ ಒರಗಿ ಕೂರುತ್ತಿದ್ದ. ಕಾಕು ಬೈಯುವುದನ್ನೇ ನಿಲ್ಲಿಸಿದ್ದಳು. ಬೈದರೂ ಕೇಳಿಸದವನನ್ನು ಬೈಯುವುದರಲ್ಲಿ ಏನು ಸುಖ? ಒಂದು ಬೆಳಿಗ್ಗೆ ಅವನು ಅಂಗಿ ಹಾಕಿಕೊಂಡು ಬಂದು, "ಸಂಪಗಾಂವಕ್ಕ ನಡಿ" ಎಂದ.

"ಯಾಕ ಕಾಕಾ?" ಎಂದು ಅವನ ಕಿವಿಯಲ್ಲಿ ಕೂಗಿದೆ.

"ಗಂಗವ್ವನ್ನ ನೋಡಬೇಕು. ಆಕಿ ಏನಂತಾಳ ನನಗ ತಿಳಿಯಂಗಿಲ್ಲ. ನೀ ಇದ್ದದ್ದ ಇದ್ದಂಗ ಹೇಳಬೇಕ ನೋಡು. ಬೆಲ್ಲಾ ಬೆರಸಬ್ಯಾಡ."

ಗಂಗವ್ವ ಕಟ್ಟೆಯ ಮೇಲೆ ಕುಳಿತಿದ್ದಳು. ಕೈಯ ಪಟ್ಟಿ ಬಿಚ್ಚಿದ್ದರು. ಚರ್ಮ ಸುಕ್ಕಾಗಿ ಎಳೆದುಕೊಂಡಿತ್ತು, ಬೆರಳು ಪೂರ್ತಿ ಮಡಚುತ್ತಿರಲಿಲ್ಲ. ಕಾಕಾನನ್ನು ನೋಡಿದ್ದೇ ತಡ, ಶುರು ಮಾಡಿದಳು.

"ಈಗ ಬಂದ್ರೇನ್ರಿ? ಕಿವಿ ಕೇಳಸೂದಿಲ್ಲಂತ ಒಂದ ಮಾತ ಹೇಳಿದ್ರ ನಿಮ್ಮ ಮಿಸ್ತ್ರಿಕಿ ಏನ ಸವದ ಹೋಗತಿತ್ತೇನ್ರಿ? ಈ ಕೈಲೆ ಒಂದ ರೊಟ್ಟಿ ಬಡಿಯಾಕ ಆಗವಲ್ದು. ನನ್ನ ತಲಿ ಬಾಚಾಕ ಸೊಸಿ ಬರಬೇಕು!"

ಕಾಕಾ ನನ್ನ ಮುಖ ನೋಡಿದ.

"ಬಯ್ಯಾಕತ್ತಾಳಲ್ಲಾ? ಹೇಳು."

ಅಂಗಳದ ಆಚೆ ನಾಲ್ಕು ಜನ ನೆರೆದಿದ್ದರು. ಅವರೆಲ್ಲರ ಎದುರಿಗೆ, ಆ ಮಾತುಗಳನ್ನೆಲ್ಲ ಒಂದೊಂದಾಗಿ ಕಾಕಾನ ಕಿವಿಯಲ್ಲಿ ಕೂಗಿದೆ. ಅಂಥ ಕೆಲಸ ನನ್ನ ಶತ್ರುವಿಗೂ ಬೇಡ. ಅವನು ಪ್ರತಿ ಮಾತಿಗೂ ತಲೆಯಾಡಿಸಿದ. ಕೊನೆಗೆ, "ತಪ್ಪ ಮಾಡೇನಿ ಗಂಗವ್ವ. ಬೈ ಇನ್ನೂ" ಎಂದು ಕಟ್ಟೆಯ ಕೆಳಗೆ ನೆಲದ ಮೇಲೆ ಕುಳಿತುಬಿಟ್ಟ.

ಗಂಗವ್ವ ಎದ್ದು ಒಳಗೆ ಹೋದಳು. ನಾವು ಹೊರಡುವುದೋ ಇರುವುದೋ ತಿಳಿಯದೆ ಇದ್ದಾಗ ಎಡಗೈಯಲ್ಲಿ ಬಸಿಯೊಂದನ್ನು ಹಿಡಿದು ಬಂದಳು. ಚಹಾ ತುಳುಕುತ್ತಿತ್ತು. ಬಾಗಿ, ಕಾಕಾನ ಕಿವಿಯ ಹತ್ತಿರ ಬಾಯಿ ತಂದು ಮೆಲ್ಲಗೆ ಏನೋ ಹೇಳಿದಳು. ಪಕ್ಕದಲ್ಲಿದ್ದ ನನಗೆ ಕೇಳಿಸಿತು, ಆದರೆ ಅಷ್ಟು ಮೆಲ್ಲಗೆ ಹೇಳಿದ್ದು ಅವನಿಗೆ ಕೇಳಿಸುವ ಮಾತೇ ಇರಲಿಲ್ಲ. ಅವನು ಎರಡೂ ಕೈಯಲ್ಲಿ ಬಸಿ ತೆಗೆದುಕೊಂಡು ಕುಡಿದ.

ವಾಪಸು ಬರುವಾಗ ಊರ ಹೊರಗೆ ಕಾಕಾ ನನ್ನ ಬೆನ್ನು ತಟ್ಟಿ ಬೈಕು ನಿಲ್ಲಿಸಿದ.

"ಆಕಿ ಕಡೀಕ ಏನಂದ್ಳು?"

ನಾನು ತಿರುಗಿ ಅವನ ಕಿವಿಯಲ್ಲಿ ಕೂಗಿದೆ: "ಚಾ ಆರತೈತಿ, ಕುಡೀರಿ ಅಂದ್ಳು! ಹೋಗಿ ಬರ್ರಿ, ಮತ್ತ ಬರ್ರಿ ಅಂದ್ಳು!"

"ಆಂ?"

ಮತ್ತೆ ಕೂಗಿದೆ. ರಸ್ತೆ ಪಕ್ಕದ ಹೊಲದಲ್ಲಿ ಕಸ ತೆಗೆಯುತ್ತಿದ್ದವರು ತಲೆ ಎತ್ತಿ ನೋಡಿದರು.

"ಏನಂದ್ಳು?"

ಇಷ್ಟೂ ಕೇಳಿಸದೆ ಹೋಯಿತೇ ಎಂದು ಅವನ ಮುಖ ನೋಡಿದೆ. ಕಣ್ಣಿನ ನೀರು ಗಡ್ಡದವರೆಗೂ ಇಳಿದಿತ್ತು. ನಾನು ಮೊದಲ ಸಲ ಕೂಗಿದಾಗಲೇ ಅವನಿಗೆ ಪೂರ್ತಿ ಕೇಳಿಸಿತ್ತು!

ನಾನು ಬೈಕಿನಿಂದ ಇಳಿದು, ಅವನ ಹೆಗಲು ಹಿಡಿದು, ಇನ್ನೊಮ್ಮೆ ಕೂಗಿ ಹೇಳಿದೆ.