ಅಂಗನವಾಡಿಯಲ್ಲಿ ಅಮ್ಮನಾಟ

ಬೈಂದೂರಿನ ಕಡಲಬದಿಯ ನಮ್ಮ ಅಂಗನವಾಡಿಯಲ್ಲಿ ಮಕ್ಕಳು ಆಟ ಶುರುಮಾಡಿದರೆಂದರೆ ಟೀಚರಾದ ನನ್ನ ಮಾನ ನನ್ನ ಕೈಯಲ್ಲಿರುವುದಿಲ್ಲ. ಇಂಥದ್ದು ಆಗುತ್ತಲೇ ಇರುತ್ತದೆ.

ತಪಾಸಣೆ

ಮರುದಿನ ನರ್ಸ್ ಚುಚ್ಚುಮದ್ದು ಕೊಡಲು ಬರುವವರಿದ್ದರು. ಮಕ್ಕಳ ಹೆದರಿಕೆ ಹೋಗಲೆಂದು ಡಾಕ್ಟರಾಟ ಆಡಿಸಿದೆ. ರೋಗಿ ನಾನೇ. ಡಾಕ್ಟರಾದವನ ಅಜ್ಜಿ ಮೀನು ಮಾರುವವರು; ಕಿವಿರು ಎತ್ತಿ ಕೆಂಪಗಿದೆಯೋ ನೋಡದೆ ಒಂದು ಬಂಗುಡೆಯನ್ನೂ ಬುಟ್ಟಿಗೆ ಹಾಕುವವರಲ್ಲ. ಮೊಮ್ಮಗ ನನ್ನ ಕಿವಿ ಮಡಚಿ ಹಿಂದೆ ಇಣುಕಿದ, ಹೊಟ್ಟೆ ಒತ್ತಿದ, ಕೊನೆಗೆ ಮೂಸಿಯೂ ನೋಡಿದ.

"ಎಂತ ಆಯ್ತ್ ಡಾಕ್ಟ್ರೇ?" ಎಂದೆ.

"ಎಂತ ಆಯ್ಲಿಲ್ಲೆ. ಐಸ್ ಹಾಕಿ ಇಟ್ರೆ ನಾಳಿಗೂ ಅಡ್ಡಿಲ್ಲೆ!"

ರಶ್ಶಾದ ಬಸ್ಸು

ಮೂರು ಕುರ್ಚಿ ಸಾಲಾಗಿಟ್ಟರೆ ಅದು ಕೊಲ್ಲೂರು ಬಸ್ಸು. ಗುಡಿಸಲು ಬಂದ ನಮ್ಮ ಸಹಾಯಕಿ ಹಿಡಿಸೂಡಿ ಅಡ್ಡ ಹಿಡಿದು, "ಹ್ವಾಯ್, ನಿಲ್ಸಿ, ನಾನೂ ಬತ್ತೆ!" ಎಂದರು. ಬಸ್ಸಿನಲ್ಲಿದ್ದದ್ದು ಒಂದೇ ಒಂದು ಗೊಂಬೆ. ಕಂಡಕ್ಟರ್ ಪುಟ್ಟಿ ಬಾಯಲ್ಲೇ ಸೀಟಿ ಊದಿ, "ಜಾಗ ಇಲ್ಲೆ! ಹಿಂದ್ ಖಾಲಿ ಬಸ್ ಬತ್ತಿತ್ತ್!" ಎಂದಳು.

ಹಿಂದಿನ ಬಸ್ಸಿಗೆ ಕಾದು ನಿಂತ ಸಹಾಯಕಿ ಆ ದಿನ ಗುಡಿಸಲೇ ಇಲ್ಲ.

ಟೀಚರ ಅಳು

ನಿಜವಾದ ತಲೆಬಿಸಿ ತಂದದ್ದು ಹೊಸದಾಗಿ ಸೇರಿದ ಮೂರು ವರ್ಷದ ಹುಡುಗಿ. ತಾಯಿ ಮೀನು ಮಾರ್ಕೆಟ್ಟಿಗೆ ಹೊರಟರೆ ಸೆರಗು ಹಿಡಿದು ಊರಿಗೇ ಕೇಳುವ ಹಾಗೆ ಅಳುತ್ತಿದ್ದಳು. "ಹಿಂಗಾರೆ ನಾ ಮೀನ್ ಮಾರುದೇ ಬಿಡ್ಕಾತ್ತ್ ಟೀಚರೇ" ಎಂದು ತಾಯಿಯೂ ಕಣ್ಣೊರೆಸಿಕೊಂಡರು. ಮನೆ ನಡೆಯುವುದೇ ಅದರಿಂದ.

ಒಂದು ದಿನ ಆಟದಲ್ಲಿ ಅವಳನ್ನು ಅಮ್ಮನಾಗಿಸಿ ನಾನು ಮಗಳಾದೆ. ಅವಳು ತಲೆ ಮೇಲೆ ಬುಟ್ಟಿ ಇಟ್ಟು ಹೊರಟಳು. ನಾನು ಅವಳ ಫ್ರಾಕು ಹಿಡಿದು, ನೆಲದಲ್ಲಿ ಹೊರಳಿ, ಸ್ವಲ್ಪ ಜಾಸ್ತಿಯೇ ಅತ್ತೆ. ಹುಡುಗಿ ಗಾಬರಿಯಾಗಿ ಬುಟ್ಟಿ ಇಳಿಸಿ, ಅಳಬೇಡವೆಂದು ನನ್ನ ತಲೆ ಸವರಿದಳು. "ಮರ್ಕ್ಬೇಡ ಮಗಾ. ಮೀನ್ ಮಾರಿ ಬತ್ತೆ. ಬಪ್ಪತಿಗೆ ತಿಂಡಿ ತತ್ತೆ."

ಮರುದಿನ ಬಾಗಿಲಲ್ಲಿ ಅವಳೇ ಸೆರಗು ಬಿಟ್ಟಳು. "ನೀ ಹೋಗಮ್ಮ, ನಾ ಇಲ್ಲೇ ಇರ್ತೆ. ಟೀಚರ್ ಒಬ್ರೇ ಆರೆ ಮರ್ಕ್ತ್ರ್."

ತಾಯಿ ನಗುತ್ತ ಹೋದರು. ಮಗಳು ಹೇಳಿದ್ದನ್ನೆಲ್ಲ ಮಾರ್ಕೆಟ್ಟಿನಲ್ಲಿ ಹೇಳದೆ ಸುಮ್ಮನಿದ್ದಿದ್ದರೆ ಚೆನ್ನಾಗಿತ್ತು. ಈಗ ನಾನು ಮಾರ್ಕೆಟ್ಟಿಗೆ ಕಾಲಿಟ್ಟು ಚೌಕಾಸಿ ಶುರುಮಾಡಿದರೆ ಸಾಕು, ಪಕ್ಕದ ಬುಟ್ಟಿಯ ಹೆಂಗಸು ಕೂಗುತ್ತಾರೆ: "ಹೆಣೆ, ಟೀಚರಿಗ್ ಎರ್ಡ್ ಮೀನ್ ಹೆಚ್ಚ್ ಹಾಕ್, ಇಲ್ದಿರೆ ಇಲ್ಲೇ ಹೊರಳಿ ಮರ್ಕ್ತ್ರ್!"